ಮನೆಯಿಂದ ಕೆಲಸ, ತೆರಿಗೆ ಯಾವ ರಾಜ್ಯಕ್ಕೆ?



ನಾನು ಸಾಫ್ಟ್‌ವೇರ್ ಕೆಲಸದವಳು, ತೆರಿಗೆ ಸಲಹೆಗಾರ್ತಿ ಅಲ್ಲ. ಆದರೂ ಈ ವಿಷಯ ಆರಿಸಿಕೊಂಡೆ. ನಮ್ಮಲ್ಲಿ ಅನೇಕರ ಮಗಳೋ ಸೊಸೆಯೋ ಅಮೆರಿಕದಲ್ಲಿದ್ದಾರೆ. ಗಂಡನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿದಾಗ ಇವಳು ತನ್ನ ಕೆಲಸ ಬಿಡದೆ ಮನೆಯಿಂದಲೇ ಮುಂದುವರಿಸುತ್ತಾಳೆ. ಒಳ್ಳೆಯದೇ. ಆದರೆ ಅಲ್ಲಿ ರಾಜ್ಯ ಬದಲಾದರೆ ತೆರಿಗೆಯ ಲೆಕ್ಕವೂ ಬದಲಾಗುತ್ತದೆ.

ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಹಾಕುವುದು ಕೇಂದ್ರ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮುಂಬಯಿಯ ಮನೆಯಲ್ಲಿ ಕೂತು ಮಾಡಿದರೂ ದರ ಒಂದೇ. ರಾಜ್ಯಕ್ಕೆ ಹೋಗುವುದು ವೃತ್ತಿ ತೆರಿಗೆ ಮಾತ್ರ. ಸಂವಿಧಾನದ 276ನೇ ವಿಧಿಯಂತೆ ಅದು ವರ್ಷಕ್ಕೆ 2,500 ರೂಪಾಯಿ ದಾಟುವಂತಿಲ್ಲ.

ಅಮೆರಿಕದಲ್ಲಿ ಕೇಂದ್ರದ ತೆರಿಗೆಯ ಜೊತೆಗೆ ಹೆಚ್ಚಿನ ರಾಜ್ಯಗಳು ತಮ್ಮದೇ ಆದಾಯ ತೆರಿಗೆ ಹಾಕುತ್ತವೆ. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಅದು ಇಲ್ಲ. ಸಾಮಾನ್ಯವಾಗಿ, ಎಲ್ಲಿ ಕೂತು ಕೆಲಸ ಮಾಡುತ್ತೇವೋ ಆ ರಾಜ್ಯ ತೆರಿಗೆ ಕೇಳುತ್ತದೆ. ವಾಸವಿರುವ ರಾಜ್ಯ ಇಡೀ ಆದಾಯವನ್ನು ಲೆಕ್ಕಕ್ಕೆ ಹಿಡಿದರೂ, ಬೇರೆ ರಾಜ್ಯಕ್ಕೆ ಕಟ್ಟಿದ್ದಕ್ಕೆ ಹೆಚ್ಚಾಗಿ ರಿಯಾಯಿತಿ ಕೊಡುತ್ತದೆ. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾ ಪರಸ್ಪರ ಒಪ್ಪಂದ ಮಾಡಿಕೊಂಡಿವೆ; ಒಂದರಲ್ಲಿದ್ದು ಇನ್ನೊಂದರಲ್ಲಿ ದುಡಿಯುವವರು ಸಂಬಳದ ತೆರಿಗೆಯನ್ನು ವಾಸದ ರಾಜ್ಯಕ್ಕೆ ಕಟ್ಟಿದರೆ ಸಾಕು.

ನ್ಯೂಯಾರ್ಕಿನ ದಾರಿ ಬೇರೆ. ನಿಮ್ಮ ಕಚೇರಿ ಅಲ್ಲಿದ್ದು, ನಿಮ್ಮ ಅನುಕೂಲಕ್ಕಾಗಿ ಹೊರರಾಜ್ಯದ ಮನೆಯಿಂದ ಕೆಲಸ ಮಾಡಿದರೆ, ಆ ದಿನಗಳ ಸಂಬಳಕ್ಕೂ ಅದು ತೆರಿಗೆ ಕೇಳುತ್ತದೆ. ಕಂಪನಿಯ ಅಗತ್ಯಕ್ಕಾಗಿ ಹೊರಗಿದ್ದೀರಿ ಎಂದು ತೋರಿಸಿದರೆ ಮಾತ್ರ ವಿನಾಯಿತಿ. ಎಡ್ವರ್ಡ್ ಝೆಲಿನ್ಸ್ಕಿ ಎಂಬ ಕಾನೂನು ಪ್ರಾಧ್ಯಾಪಕರು ನ್ಯೂಯಾರ್ಕಿನಲ್ಲಿ ಪಾಠ ಮಾಡಿ, ಉಳಿದ ದಿನ ಕನೆಕ್ಟಿಕಟ್‌ನ ಮನೆಯಲ್ಲಿ ಬರೆಯುತ್ತಿದ್ದರು. ಈ ನಿಯಮದ ವಿರುದ್ಧ ಅವರು ಹೂಡಿದ ವ್ಯಾಜ್ಯ 2003ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಕಾನೂನು ಕಲಿಸುವವರ ಪಾಡೇ ಹೀಗೆ!

ನ್ಯೂಯಾರ್ಕ್ ಕಚೇರಿಯ ಕೆಲಸ ಇಟ್ಟುಕೊಂಡು ಟೆಕ್ಸಾಸ್‌ಗೆ ಹೋದ ಮಗಳನ್ನು ನೆನೆಯಿರಿ. ಆಗಾಗ ಕಚೇರಿಗೆ ಹೋಗಿಬರುತ್ತಾಳೆ. ಮನೆಯ ದಿನಗಳಿಗೂ ನ್ಯೂಯಾರ್ಕ್ ತೆರಿಗೆ ಬರುತ್ತದೆ. ಟೆಕ್ಸಾಸಿನಲ್ಲಿ ತೆರಿಗೆಯೇ ಇಲ್ಲದ್ದರಿಂದ ರಿಯಾಯಿತಿ ಪಡೆಯಲು ಜಾಗವೂ ಇಲ್ಲ. "ಅಲ್ಲಿ ತೆರಿಗೆ ಉಳಿಯುತ್ತದೆ" ಎಂದು ಹಾಕಿದ ಲೆಕ್ಕ ತಲೆಕೆಳಗಾಗುತ್ತದೆ. ಬಾಕಿ ಕಟ್ಟಬೇಕಾಗಿ ಬಂದಾಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, "ನಿನಗೆ ಈ ಕೆಲಸ ಯಾಕೆ ಬೇಕು?" ಆ ಪ್ರಶ್ನೆ ಹೆಚ್ಚಾಗಿ ಹೆಣ್ಣುಮಗಳಿಗೇ ಬರುತ್ತದೆ.

ಹಾಗಾಗಿ ಅವರಿಗೆ ಮೂರು ಮಾತು ಹೇಳಿ. ಮನೆ ಬದಲಿಸುವ ಮೊದಲೇ ಕಂಪನಿಗೆ ತಿಳಿಸಿ, ಸಂಬಳದಲ್ಲಿ ಯಾವ ರಾಜ್ಯದ ತೆರಿಗೆ ಹಿಡಿಯುತ್ತಾರೆಂದು ಕೇಳಲಿ. ಯಾವ ದಿನ ಎಲ್ಲಿ ಕೆಲಸ ಮಾಡಿದೆವೆಂದು ಬರೆದಿಡಲಿ. ಹೊರಗಿರುವುದು ಕಂಪನಿಯ ಅಗತ್ಯಕ್ಕಾಗಿದ್ದರೆ ಅದನ್ನು ಬರಹದಲ್ಲಿ ಪಡೆಯಲಿ. ಆಮೇಲೆ ಅಲ್ಲಿನ ತೆರಿಗೆ ಸಲಹೆಗಾರರನ್ನು ಕಾಣಲಿ.

ಮನೆ ಬಾಡಿಗೆ, ಮಗುವಿನ ಶಾಲೆ ಎಲ್ಲವನ್ನೂ ಕೂತು ಲೆಕ್ಕ ಹಾಕುತ್ತೇವೆ. ಅದೇ ಹಾಳೆಯಲ್ಲಿ ಇದಕ್ಕೂ ಒಂದು ಸಾಲು ಇರಲಿ. ಮೊದಲೇ ಗೊತ್ತಿದ್ದ ಖರ್ಚಿಗಾಗಿ ಯಾರೂ ಕೆಲಸ ಬಿಡಬೇಕಾಗಿ ಬರುವುದಿಲ್ಲ.