ಸಂಜೆಯ ಹಾಡು, ಸಂಜೆಯ ಬಟ್ಟಲು

ಕುಡಿತಕ್ಕೂ ಹಾಡಿಗೂ ಇರುವ ನಂಟು ಬಹು ಹಳೆಯದು. ಆದರೂ ಆ ನಂಟನ್ನು ಕುರಿತು ಆಕಾಶವಾಣಿಯಲ್ಲಿ ಮಾತನಾಡುವುದೆಂದರೆ ಕೊಂಚ ಸಂಕೋಚದ ಸಂಗತಿಯೇ. ಆದ್ದರಿಂದ ಮೊದಲೇ ಒಂದು ಅರಿಕೆ ಮಾಡಿಕೊಂಡುಬಿಡುತ್ತೇನೆ. ಕುಡಿತವನ್ನು ಹೊಗಳಲು ನಾನಿಲ್ಲಿ ಬಂದಿಲ್ಲ. ತೆಗಳುವುದಕ್ಕೆ ಬೇಕಾದ ಪುಣ್ಯವೂ ನನ್ನಲ್ಲಿಲ್ಲ. ಒಂಬತ್ತು ವರ್ಷಗಳ ಕಾಲ, ವಾರಕ್ಕೆ ಎರಡೋ ಮೂರೋ ಸಂಜೆ, ಮಿತ್ರರೊಬ್ಬರು ಕುಡಿಯುತ್ತಿರಲು ಅವರ ಕಟ್ಟೆಯ ಮೇಲೆ ಕುಳಿತು ಅವರ ರೇಡಿಯೋ ಕೇಳಿದವನು ನಾನು. ಅರ್ಧ ಲೋಟದ ಮಟ್ಟಿಗೆ ನಾನೂ ಪಾಲುದಾರನೇ. ಸಂಗೀತದಲ್ಲಿ ನನಗೆ ರುಚಿಯೆಂಬುದೇನಾದರೂ ಇದ್ದರೆ ಅದು ಆ ಕಟ್ಟೆಯ ಋಣ.

1972ರಲ್ಲಿ ನಾನು ಸಿಂಧನೂರು ಸೀಮೆಯ ಗೊರೇಬಾಳಕ್ಕೆ ಶಾಲಾ ಮಾಸ್ತರನಾಗಿ ಹೋದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು, ಜೋಳ ಹತ್ತಿ ಬೆಳೆಯುತ್ತಿದ್ದ ಕರಿಯ ನೆಲದಲ್ಲಿ ಭತ್ತದ ಗದ್ದೆಗಳು ಎದ್ದಿದ್ದ ಕಾಲ. ಭತ್ತದ ಹಿಂದೆ ಗಿರಣಿಗಳು, ಗಿರಣಿಗಳ ಹಿಂದೆ ಕೈಯಲ್ಲಿ ಓಡಾಡುವ ರೊಕ್ಕ, ರೊಕ್ಕದ ಹಿಂದೆ ಅಂಗಡಿಗಳು. ನನ್ನ ಮಿತ್ರರು ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತಷ್ಟೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಎಂಬ ಕಟ್ಟಳೆಯಲ್ಲಿ ಬೆಳೆದ ಪೀಳಿಗೆ ಅವರದು. ಲೆಕ್ಕ, ಚರಿತ್ರೆ, ಭೂಗೋಳ ಎಲ್ಲವನ್ನೂ ಉರ್ದುವಿನಲ್ಲೇ ಕಲಿತಿದ್ದರು. ಸಂಸ್ಥಾನ ಹೋಯಿತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಚೇರಿಯ ಕಾಗದಗಳು ಕನ್ನಡಕ್ಕೂ ಇಂಗ್ಲಿಷಿಗೂ ತಿರುಗಿದವು. ತಿರುಗಬೇಕಾದದ್ದೇ ನ್ಯಾಯ ಎಂದು ಅವರೇ ಹೇಳುತ್ತಿದ್ದರು. ಆದರೆ ಕಷ್ಟಪಟ್ಟು ಕಲಿತ ಒಂದು ಭಾಷೆ ಬಳಿಯಲ್ಲೇ ಉಳಿದುಹೋಯಿತಲ್ಲ, ಅದನ್ನೇನು ಮಾಡುವುದು? ಅವರ ಉರ್ದುವಿಗೆ ಉಳಿದಿದ್ದ ಕೆಲಸ ಒಂದೇ: ಸಂಜೆ ಕುಳಿತು ಗಜಲು ಕೇಳುವುದು.

ಮೊದಮೊದಲು ಅವರು ಕುಡಿಯುತ್ತಿದ್ದದ್ದು ಈಚಲ ಮರದ ಸೇಂದಿ. ನಸುಕಿನಲ್ಲಿ ಇಳಿಸಿದಾಗ ಅದು ಎಳನೀರಿನಂತೆ ಸಿಹಿ. ಬಿಸಿಲೇರಿದಂತೆ ಹುಳಿಯೇರಿ ಸಂಜೆಗೆ ಬೇರೆಯದೇ ಪದಾರ್ಥವಾಗಿರುತ್ತದೆ. ಆಮೇಲೆ ಸಾರಾಯಿ ಬಂತು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಅವರ ಪಾಲಿಗೆ ಅದು ಇಪ್ಪತ್ತಾರು ವರ್ಷ ತಡವಾಯಿತು. ಒಳಗಿನಿಂದ ಮಂಡಾಳ ಒಗ್ಗರಣೆಯೋ ಹುರಿದ ಶೇಂಗಾವೋ ಒಂದು ತಟ್ಟೆಯಲ್ಲಿ ಹೊಸ್ತಿಲವರೆಗೆ ಬರುತ್ತಿತ್ತು. ತಟ್ಟೆ ಇಡುವ ಕೈಯನ್ನು ನಾನು ಕಂಡಿದ್ದೆನೇ ಹೊರತು ಆಕೆಯ ಮುಖವನ್ನು ನೇರ ಕಂಡದ್ದು ಕಡಿಮೆ.

ರೇಡಿಯೋ ವಿಚಾರದಲ್ಲಿ ಅವರದು ಬೇಟೆಗಾರನ ತಾಳ್ಮೆ. ಹಗಲು ಹತ್ತಿರದ ನಿಲಯಗಳು ಮಾತ್ರ ದಕ್ಕುತ್ತವೆ. ಕತ್ತಲಾದಂತೆ ಮಧ್ಯಮ ತರಂಗಗಳು ಆಕಾಶದ ಎತ್ತರದ ಪದರಕ್ಕೆ ತಾಗಿ ಮರಳುವುದರಿಂದ ದೂರದ ಊರುಗಳು ಒಂದೊಂದಾಗಿ ಹತ್ತಿರ ಬರುತ್ತವೆ. ಅವರು ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ, ಪೆಟ್ಟಿಗೆಯನ್ನೇ ಆ ಕಡೆ ಈ ಕಡೆ ತಿರುಗಿಸುತ್ತ, ದಿಲ್ಲಿಯ ಉರ್ದು ಸೇವೆಯನ್ನು ಹುಡುಕುತ್ತಿದ್ದರು. ಸಿಗದಿದ್ದರೆ ರಾತ್ರಿ ಹತ್ತಕ್ಕೆ ವಿವಿಧಭಾರತಿಯ 'ಛಾಯಾಗೀತ್' ಇದ್ದೇ ಇತ್ತು.

ಕಟ್ಟೆಯ ಮೇಲೆ ಯಾವ ಹಾಡಿಗೆ ಯಾವ ಮರ್ಯಾದೆ ಎಂಬುದಕ್ಕೆ ಅವರದೇ ಶಾಸ್ತ್ರವಿತ್ತು. ಲೋಟ ತುಂಬುವಾಗ ಸೈಗಲ್ ಆದೀತು. ತತ್ತ್ವಪದ ಕೂಡದು. ಏಕತಾರಿ ಹಿಡಿದು ಹಾಡುವವರ ಪದಗಳಲ್ಲಿ ಬರುವ ಅಮಲಿನ ಮಾತು ಕೇಳಿದರೆ, "ಅದು ಬ್ಯಾರೆ ಅಂಗಡಿ ಮಾಲು ಮಾಸ್ತರ, ನಮ್ಮ ರೊಕ್ಕಕ್ಕ ಸಿಗೂದಲ್ಲ" ಎನ್ನುತ್ತಿದ್ದರು. ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ದನಿಯಲ್ಲಿ ವಚನವೇನಾದರೂ ಬಂತೋ, ಲೋಟ ಕಟ್ಟೆಯಿಂದ ಇಳಿದು ನೆಲದ ಮೇಲೆ ಗೋಡೆಯ ಮರೆಗೆ ಹೋಗುತ್ತಿತ್ತು. ವಚನ ಮುಗಿದ ಮೇಲೆ ಮತ್ತೆ ಮೇಲೇರುತ್ತಿತ್ತು. ರಾಜರತ್ನಂ ಅವರ 'ರತ್ನನ ಪದಗಳು' ಕಾಳಿಂಗರಾಯರ ಕಂಠದಲ್ಲಿ ಬಂದರೆ ಮನಸಾರೆ ನಗುತ್ತಿದ್ದರು. ಆದರೂ ಮೈಸೂರು ಕಡೆಯ ಆ ಯೆಂಡ ನಮ್ಮ ಸೇಂದಿಯಷ್ಟು ಹುಳಿಯಲ್ಲ ಎಂಬುದು ಅವರ ವಾದ.

ನಾನಾಗ ಹೊಸದಾಗಿ ಓದಿಕೊಂಡಿದ್ದವನು. ಒಂದು ಸಂಜೆ ಅವರನ್ನು ಮಾತಿನಲ್ಲಿ ಹಿಡಿಯಲು ನೋಡಿದೆ. ಕನ್ನಡದಲ್ಲಿ ಕುಡುಕನಿಗೆ ಅಮರವಾದ ಬಾಯಿ ಕೊಟ್ಟ ಜಿ. ಪಿ. ರಾಜರತ್ನಂ ಸ್ವತಃ ಕುಡಿಯುವವರಲ್ಲ. ಮಕ್ಕಳಿಗೆ ನಾಯಿಮರಿಯ ಪದ್ಯ ಬರೆದುಕೊಟ್ಟ ಅಧ್ಯಾಪಕರು. ಇನ್ನು ನಿಮ್ಮ ಉರ್ದುವಿನಲ್ಲಿ? ಮದಿರೆಯ ಕವಿಯೆಂದೇ ಹೆಸರಾದ ರಿಯಾಜ್ ಖೈರಾಬಾದಿಯವರೂ ಅದನ್ನು ಮುಟ್ಟಿದವರಲ್ಲವೆಂದು ನೀವೇ ಹೇಳಿದ್ದೀರಿ. ಹಾಗಾದರೆ ಹಾಡಿನಲ್ಲಿರುವ ಅಮಲು ಲೋಟದಿಂದ ಬಂದದ್ದಲ್ಲ ಎಂದಾಯಿತಲ್ಲ?

ಅವರು ಬಹಳ ಹೊತ್ತು ಸುಮ್ಮನಿದ್ದು, ಬರೆದವರ ಮಾತು ಬಿಡಿ, ಹಾಡಿದವರ ಮಾತು ಬೇರೆ ಎಂದು ಸೈಗಲ್ಲರನ್ನು ಸಾಕ್ಷಿಗೆ ಕರೆದರು. ನಲವತ್ತೆರಡಕ್ಕೇ, 1947ರ ಜನವರಿಯಲ್ಲಿ ತೀರಿಕೊಂಡ ಸೈಗಲ್ಲರು ಕುಡಿಯದೆ ಹಾಡುತ್ತಿರಲಿಲ್ಲವೆಂಬುದು ಲೋಕಪ್ರಸಿದ್ಧ. ಆದರೆ ಆ ಸಾಕ್ಷಿ ಅವರಿಗೆ ವಿರುದ್ಧವಾಗಿಯೇ ನುಡಿಯುತ್ತದೆ. ಅದು ನನಗೆ ತಿಳಿದದ್ದು ಅವರು ಹೋದಮೇಲೆ. 1946ರ 'ಶಾಹ್‌ಜಹಾನ್' ಚಿತ್ರದ ಹಾಡೊಂದರ ಬಗ್ಗೆ ಸಂಗೀತ ನಿರ್ದೇಶಕ ನೌಷಾದರು ಹೇಳುತ್ತಿದ್ದ ಪ್ರಸಂಗವಿದು. ಅವರು ಸೈಗಲ್ಲರನ್ನು ಬೇಡಿಕೊಂಡು ಒಮ್ಮೆ ಕುಡಿಯದೆ, ಒಮ್ಮೆ ಕುಡಿದು ಹಾಡಿಸಿ, ಎರಡನ್ನೂ ಕೇಳಿಸಿದರಂತೆ. ಕುಡಿಯದೆ ಹಾಡಿದ್ದೇ ಮೇಲೆಂದು ಒಪ್ಪಿದ ಸೈಗಲ್, ನೀವು ನನಗೆ ಮೊದಲೇ ಏಕೆ ಸಿಗಲಿಲ್ಲ ಎಂಬರ್ಥದ ಮಾತಾಡಿದರಂತೆ. ಈ ಕಥೆಯನ್ನು ನನ್ನ ಮಿತ್ರರಿಗೆ ಹೇಳಿದ್ದರೆ ಏನೆನ್ನುತ್ತಿದ್ದರೋ.

ಏನೆನ್ನುತ್ತಿದ್ದರೆಂದು ಊಹಿಸುವುದಕ್ಕೆ ಒಂದು ಆಧಾರವಿದೆ. 1979ರ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತ್ತು. ಡಾಕ್ಟರರು ಬಿಡಲೇಬೇಕೆಂದರು, ಹನ್ನೊಂದು ದಿನ ಬಿಟ್ಟರು. ಹನ್ನೆರಡನೆಯ ಸಂಜೆ ನಾನು ಹೋದಾಗ ಮಜ್ಜಿಗೆಯ ಲೋಟ ಮುಂದಿಟ್ಟುಕೊಂಡು ಕುಳಿತಿದ್ದರು. ದಿಲ್ಲಿ ಅಂದು ಬಲು ನಿಚ್ಚಳವಾಗಿ ಸಿಕ್ಕಿತು. ಬೇಗಂ ಅಖ್ತರರ ಗಜಲು, ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಎರಡನೆಯ ದ್ವಿಪದಿ ಮುಗಿಯುವ ಮುನ್ನ ಕೈ ಚಾಚಿ ರೇಡಿಯೋ ಆರಿಸಿಬಿಟ್ಟರು. ಏಕೆಂದು ಕೇಳಿದೆ. "ಕುಡದಾಗ ಬರೇ ದನಿ ಕೇಳ್ತಿತ್ತು ಮಾಸ್ತರ. ಈಗ ಶಬ್ದ ಎಲ್ಲ ಕೇಳಸಾಕತ್ತಾವ" ಎಂದರು. ನಾನು ಹೆಚ್ಚು ಹೊತ್ತು ಕೂರಲಿಲ್ಲ. ಅವರು ಒಂಟಿಯಾಗಿರಲು ಬಯಸುತ್ತಾರೆಂದು ನನಗೆ ನಾನೇ ಹೇಳಿಕೊಂಡು ಎದ್ದುಬಂದೆ. ಕೂತಿರಬೇಕಿತ್ತು. ಮರುದಿನದಿಂದ ಲೋಟ ಮತ್ತೆ ಕಟ್ಟೆಗೆ ಬಂತು; ನಾನೂ ಏನೂ ಆಗದವನಂತೆ ಹೋಗಿ ಕುಳಿತೆ.

ಬೇಗಂ ಅಖ್ತರರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. 1914ರಲ್ಲಿ ಫೈಜಾಬಾದಿನಲ್ಲಿ ಹುಟ್ಟಿದ ಅಖ್ತರಿಬಾಯಿ, 1945ರಲ್ಲಿ ವಕೀಲರೊಬ್ಬರನ್ನು ಮದುವೆಯಾದ ಮೇಲೆ ಮನೆತನದ ಮರ್ಯಾದೆಗಾಗಿ ಹಾಡುವುದನ್ನೇ ನಿಲ್ಲಿಸಬೇಕಾಯಿತು. ಹಾಡಿಲ್ಲದೆ ಆಕೆ ಹಾಸಿಗೆ ಹಿಡಿದರು. ಹಾಡುವುದೇ ಇದಕ್ಕೆ ಮದ್ದೆಂದು ವೈದ್ಯರು ಹೇಳಿದ ಮೇಲೆ, 1949ರಲ್ಲಿ ಲಖನೌ ಆಕಾಶವಾಣಿಯಲ್ಲಿ ಮತ್ತೆ ಬಾಯಿ ತೆರೆದರು. ಏರುದನಿಯಲ್ಲಿ ಆಕೆಯ ಕಂಠ ಒಂದು ಕ್ಷಣ ಬಿರಿದಂತಾಗುತ್ತದೆ. ಬೇರೆಯವರಲ್ಲಿ ದೋಷವೆನಿಸುವ ಆ ಬಿರುಕಿಗಾಗಿಯೇ ರಸಿಕರು ಕಾಯುತ್ತಿದ್ದರು. 1974ರ ಅಕ್ಟೋಬರ್ 30ರಂದು ಆಕೆ ಅಹಮದಾಬಾದಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ನನ್ನ ಮಿತ್ರರು ಎರಡು ದಿನ ಗಿರಣಿಗೆ ಹೋಗಲಿಲ್ಲ. ಗಜಲಿನ ದ್ವಿಪದಿಗಳೆಂದರೆ ಒಂದೇ ಓಣಿಯ ಮನೆಗಳಿದ್ದಂತೆ, ಗೋಡೆ ಕೂಡಿರುತ್ತದೆ, ಬಾಗಿಲು ಬೇರೆಬೇರೆ ಎಂದು ನನಗೆ ಹೇಳಿಕೊಟ್ಟವರು ಅವರು. ಒಂದೊಂದು ಶಬ್ದವನ್ನೂ ಬಿಡಿಸಿ, ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ, ಕೊನೆಗೆ ಕಣ್ಣೀರಿನಲ್ಲಿ ಅರ್ಥ ಹೇಳುತ್ತಿದ್ದರು.

1981ರ ಮಳೆಗಾಲದಲ್ಲಿ ಅವರು ಹೋದರು.

ನನಗೂ ಬೇರೆಡೆಗೆ ವರ್ಗವಾಯಿತು. ಮರುವರ್ಷ, ಹೊರಡುವ ಮುನ್ನ, ಹೇಳಿಹೋಗೋಣವೆಂದು ಅವರ ಮನೆಗೆ ಹೋದೆ. ಒಳಪಡಸಾಲೆಯಲ್ಲಿ ಕುಳಿತದ್ದು ಅಂದೇ ಮೊದಲು. ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ಗೂಡಿನಲ್ಲಿ ರೇಡಿಯೋ ಇತ್ತು. ಏನು ಮಾತಾಡುವುದೆಂದು ತೋಚದೆ ನಾನು ಅದನ್ನೇ ನೋಡುತ್ತಿದ್ದಾಗ ಆಕೆ, "ಮಾಸ್ತರ, ಒಂದು ಕೇಳ್ಲೇನ್ರಿ? ಈ ಹಾಡಿನ ಅರ್ಥ ಏನ್ರಿ?" ಎಂದವರೇ, ತಲೆ ಎತ್ತದೆ, ಸಣ್ಣ ದನಿಯಲ್ಲಿ ಎರಡು ಸಾಲು ಹಾಡಿದರು. ಅದೇ ಗಜಲು. ಉಚ್ಚಾರ ಅಲ್ಲಲ್ಲಿ ಕನ್ನಡವಾಗಿತ್ತು. ಆದರೆ ದನಿ ಬಿರಿಯುವ ಜಾಗ ಸರಿಯಾಗಿ ಅಲ್ಲೇ ಇತ್ತು.

"ನನಗ ಉರ್ದು ಬರೂದಿಲ್ರಿ. ಒಳಗ ಕುಂತು ಕೇಳಿ ಕೇಳಿ ಬಂದದ. ಅಕ್ಕಿ ಆರಿಸೂವಾಗ ತಾನ ಬಾಯಿಗೆ ಬರ್ತದ."

ಇಷ್ಟು ವರ್ಷ ನಮಗೆ ಗೊತ್ತೇ ಆಗಲಿಲ್ಲವಲ್ಲ ಅಕ್ಕಾರ, ಎಂದೆ.

"ನೀವು ಕರೀಲಿಲ್ಲಲ್ರಿ" ಎಂದರು. ದೂರಿನ ದನಿಯೇನೂ ಇರಲಿಲ್ಲ.

ಆ ಗಜಲಿನ ಅರ್ಥವನ್ನು ನೂರು ಸಲ ಕೇಳಿದವನು ನಾನು. ಕುಡಿಯುವವನೊಬ್ಬ ತನ್ನ ಕುಡಿತಕ್ಕೆ ಕಾರಣಗಳನ್ನು ಹೇಳಿಕೊಳ್ಳುವ ಹಾಡು ಅದು. ಆಕೆಗೆ ಅದನ್ನು ಹೇಳಲಾರದೆ, ಹೊತ್ತು ಮುಳುಗಿದೆ, ಹೋದವರು ಇನ್ನೂ ಬಂದಿಲ್ಲ ಎಂದು ಅದರ ಅರ್ಥ ಎಂದೆ.

"ನಾನೂ ಹಂಗ ಅನ್ಕೊಂಡಿದ್ನಿ" ಎಂದು ಆಕೆ ಮೊರವನ್ನು ಒಮ್ಮೆ ಕೊಡವಿದರು. ಆಮೇಲೆ, ರೇಡಿಯೋದ ಸೆಲ್ಲು ಮುಗಿದು ನಾಲ್ಕು ತಿಂಗಳಾಯಿತು, ಸಿಂಧನೂರಿಗೆ ಹೋದಾಗ ತಂದುಕೊಡುತ್ತೀರಾ ಎಂದು ಕೇಳಿದರು. ಆ ವಾರವೇ ತಂದುಕೊಟ್ಟು, ರಾತ್ರಿ ದಿಲ್ಲಿ ಎಲ್ಲಿ ಸಿಗುತ್ತದೆಂದು ಮುಳ್ಳಿನ ಪಕ್ಕದ ಗಾಜಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಟ್ಟು ಬಂದೆ.