ಬೆನ್ನೇರಿದರೆ ಸರಿ, ಬೆನ್ನು ತಳ್ಳಿದರೆ ತಪ್ಪು!

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಒಂದು ವಿಚಿತ್ರ ಫುಟ್ಬಾಲ್ ಆಡುತ್ತಾರೆ. ಅದರಲ್ಲಿ ಆಟಗಾರನೊಬ್ಬ ಹಿಂದಿನಿಂದ ಓಡಿಬಂದು, ಎದುರಾಳಿಯ ಬೆನ್ನಿಗೆ ಮೊಣಕಾಲೂರಿ, ಅವನ ತಲೆಗಿಂತ ಮೇಲಕ್ಕೆ ಏರಿ ಚೆಂಡು ಹಿಡಿಯುತ್ತಾನೆ. ಜನ ಕುಣಿದಾಡುತ್ತಾರೆ, ಅಂಪೈರ್ ಕೂಡ 'ಸರಿ' ಎನ್ನುತ್ತಾರೆ. ಅದೇ ಆಟದಲ್ಲಿ ಇನ್ನೊಬ್ಬ, ಎದುರಾಳಿಯ ಬೆನ್ನನ್ನು ಕೈಯಿಂದ ತಳ್ಳಿದರೆ ಸೀಟಿ ಊದಿ ತಪ್ಪು ಎನ್ನುತ್ತಾರೆ. ಬೆನ್ನು ಹತ್ತಿದವನಿಗೆ ಚಪ್ಪಾಳೆ, ಬೆನ್ನು ತಳ್ಳಿದವನಿಗೆ ಶಿಕ್ಷೆ! ಇದೆಂಥ ನ್ಯಾಯ ಎನಿಸಿತೇ ಮಕ್ಕಳೇ? ಉತ್ತರ ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ.

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ಇದರ ಮೊದಲ ನಿಯಮಗಳನ್ನು 1859ರಲ್ಲಿ ಮೆಲ್ಬರ್ನ್‌ನಲ್ಲಿ ಬರೆದರು. ತಂಡಕ್ಕೆ 18 ಜನ, ಮೊಟ್ಟೆಯಾಕಾರದ ಚೆಂಡು, ಅಂಡಾಕಾರದ ದೊಡ್ಡ ಮೈದಾನ. ಯಾರಾದರೂ ಕನಿಷ್ಠ 15 ಮೀಟರ್ ದೂರ ಒದ್ದ ಚೆಂಡನ್ನು, ದಾರಿಯಲ್ಲಿ ಬೇರೆ ಯಾರೂ ಮುಟ್ಟುವ ಮೊದಲೇ, ಗಾಳಿಯಲ್ಲಿ ಹಿಡಿದರೆ ಅದಕ್ಕೆ 'ಮಾರ್ಕ್' ಎನ್ನುತ್ತಾರೆ. ಮಾರ್ಕ್ ಹಿಡಿದವನು ಯಾರ ಕಾಟವೂ ಇಲ್ಲದೆ ನಿಂತು ಚೆಂಡನ್ನು ಒದೆಯಬಹುದು. ಅದಕ್ಕೇ ಚೆಂಡು ಮೇಲಿರುವಾಗ ಕೆಳಗೆ ಅಷ್ಟೊಂದು ಪೈಪೋಟಿ. ಒಬ್ಬರ ಮೈಮೇಲೆ ಏರಿ ಹಿಡಿಯುವ ಭರ್ಜರಿ ಮಾರ್ಕ್‌ಗೆ ಅಲ್ಲಿನವರು ಮುದ್ದಾಗಿ 'ಸ್ಪೆಕ್ಕಿ' ಎನ್ನುತ್ತಾರೆ. 1970ರ ಫೈನಲ್‌ನಲ್ಲಿ ಕಾರ್ಲ್‌ಟನ್ ತಂಡದ ಅಲೆಕ್ಸ್ ಜೆಸೌಲೆಂಕೊ ಹೀಗೆ ಹಿಡಿದ ಮಾರ್ಕ್ ಬಹಳ ಪ್ರಸಿದ್ಧ. ಆ ದಿನ ಮೈದಾನದಲ್ಲಿ 1,21,696 ಜನ ಸೇರಿದ್ದರು.

ಈಗ ಆ ನೆಗೆತವನ್ನು ಹತ್ತಿರದಿಂದ ನೋಡೋಣ. ಆಟಗಾರ ಓಡಿಬಂದು ಒಂದು ಕಾಲಿನಿಂದ ನೆಲವನ್ನು ಕೆಳಕ್ಕೆ ಒತ್ತುತ್ತಾನೆ, ನೆಲ ಅವನನ್ನು ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್‌ನ ಮೂರನೇ ನಿಯಮ. ಇನ್ನೊಂದು ಕಾಲಿನ ಮೊಣಕಾಲು ಎದುರಾಳಿಯ ಬೆನ್ನಿಗೋ ಹೆಗಲಿಗೋ ತಾಗಿದಾಗ ಅಲ್ಲೂ ಇದೇ ನಿಯಮ ನಡೆಯುತ್ತದೆ. ಬೆನ್ನು ಅವನಿಗೆ ಎರಡನೇ ಮೆಟ್ಟಿಲಾಗಿ ಇನ್ನಷ್ಟು ಮೇಲಕ್ಕೆ ಕಳಿಸುತ್ತದೆ.

ಮೇಲೆ ಹೋದವನು ಅಲ್ಲೇ ತೇಲುತ್ತಿರುವಂತೆ ಕಾಣುತ್ತದೆ. ನಿಜವಾಗಿ ತೇಲುತ್ತಾನೆಯೇ? ಇಲ್ಲ. ನೆಲದಿಂದ 70 ಸೆಂಟಿಮೀಟರ್ ನೆಗೆದವನು ಗಾಳಿಯಲ್ಲಿರುವುದು ಸುಮಾರು ಮುಕ್ಕಾಲು ಸೆಕೆಂಡು ಮಾತ್ರ. ಮೇಲೇರಿದಂತೆ ಗುರುತ್ವ ಅವನ ವೇಗವನ್ನು ತಗ್ಗಿಸುತ್ತಾ ಹೋಗುತ್ತದೆ. ತುದಿಯ ಹತ್ತಿರ ಅವನ ಏರಿಕೆ, ಇಳಿಕೆ ಎರಡೂ ತೀರಾ ನಿಧಾನ. ಆ ಮುಕ್ಕಾಲು ಸೆಕೆಂಡಿನ ಅರ್ಧ ಸಮಯವನ್ನು ಅವನು ಮೇಲಿನ ಕಾಲುಭಾಗದಲ್ಲೇ, ಅಂದರೆ ಸುಮಾರು 18 ಸೆಂಟಿಮೀಟರ್‌ನಲ್ಲೇ ಕಳೆಯುತ್ತಾನೆ. ಅದಕ್ಕೇ ನಮ್ಮ ಕಣ್ಣಿಗೆ ಅವನು ನಿಂತಂತೆ ಕಾಣುವುದು. ಚೆಂಡೊಂದನ್ನು ಮೇಲಕ್ಕೆಸೆದು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಿರಿ, ನಿಮಗೂ ಇದು ಕಾಣುತ್ತದೆ.

ಇಲ್ಲೇ ಒಂದು ಮುಖ್ಯ ವಿಷಯವಿದೆ. ಗಾಳಿಯಲ್ಲಿರುವವನು ಏನನ್ನೂ ಮುಟ್ಟದಿದ್ದರೆ ತನ್ನ ದಾರಿ ಬದಲಿಸಲಾರ. ಕೈಕಾಲು ಆಡಿಸಬಹುದು, ಮೈ ತಿರುಗಿಸಬಹುದು, ಆದರೆ ಅವನ ದೇಹದ ಗುರುತ್ವ ಕೇಂದ್ರ ಎಲ್ಲಿಗೆ ಹೋಗಬೇಕೆಂಬುದು ಕಾಲು ನೆಲ ಬಿಟ್ಟಾಗಲೇ ತೀರ್ಮಾನವಾಗಿರುತ್ತದೆ. ನೆಗೆದ ಮೇಲೆ 'ಅಯ್ಯೋ, ಅಲ್ಲೊಬ್ಬ ಇದ್ದಾನೆ' ಎಂದು ನಿಲ್ಲಲು ಬ್ರೇಕ್ ಇಲ್ಲ. ಹಾಗಾಗಿ ನಿಯಮ ನೋಡುವುದು ನೆಗೆಯುವವನ ಉದ್ದೇಶವನ್ನು. ಚೆಂಡು ಹಿಡಿಯುವುದು ಅಥವಾ ಮುಷ್ಟಿಯಿಂದ ಬಡಿದು ತಪ್ಪಿಸುವುದಷ್ಟೇ ಅವನ ಗುರಿಯಾಗಿದ್ದರೆ, ಆ ಪ್ರಯತ್ನದಲ್ಲಿ ಮೈಗೆ ಮೈ ತಾಗಿದ್ದು ತಪ್ಪಲ್ಲ. ಚೆಂಡು ಕೈಗೆ ಸಿಗುವ ಸಾಧ್ಯತೆಯೇ ಇಲ್ಲದೆ ಸುಮ್ಮನೆ ಬೆನ್ನೇರಿದರೆ ಅದು ತಪ್ಪು.

ಹಾಗಾದರೆ ತಳ್ಳುವುದೇಕೆ ತಪ್ಪು? ಚೆಂಡಿಗಾಗಿ ಕೈಚಾಚಿ, ಕತ್ತೆತ್ತಿ ನಿಂತವನ ಗುರುತ್ವ ಕೇಂದ್ರ ಅವನ ಪಾದಗಳ ಅಂಚಿಗೆ ಸರಿದಿರುತ್ತದೆ. ಆಗ ಸಣ್ಣ ತಳ್ಳಾಟ ಸಾಕು, ಮುಗ್ಗರಿಸುತ್ತಾನೆ. ಅವನೂ ಗಾಳಿಯಲ್ಲಿದ್ದರಂತೂ ಕಾಲೂರಿ ಸಾವರಿಸಿಕೊಳ್ಳಲು ನೆಲವೇ ಇಲ್ಲ. ಸೊಂಟದ ಕೆಳಗೆ ತಳ್ಳು ಬಿದ್ದರೆ ಇಡೀ ದೇಹ ತಿರುಗಿ ತಲೆಕೆಳಗಾಗಿ ಬೀಳಬಹುದು. ಚೆಂಡು ಹಿಡಿಯುವವನ ತೋಳಿಗೆ ಹೊಡೆಯುವುದು, ಅವನನ್ನು ಹಿಡಿದೆಳೆಯುವುದು, ದಾರಿಗೆ ಅಡ್ಡ ನಿಲ್ಲುವುದು, ತಲೆ ಅಥವಾ ಕುತ್ತಿಗೆಗೆ ತಾಗುವುದು, ಇವೂ ತಪ್ಪುಗಳೇ.

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಎದುರುಬದುರು ಬಂದು ಡಿಕ್ಕಿಯಾಗುವುದು. ಒಂದು ಲೆಕ್ಕ ಮಾಡೋಣ. ಒಬ್ಬ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುತ್ತಿದ್ದಾನೆ. ಇನ್ನೊಬ್ಬ ಅವನ ಹಿಂದಿನಿಂದ, ಅದೇ ದಿಕ್ಕಿನಲ್ಲಿ, 6 ಮೀಟರ್ ವೇಗದಲ್ಲಿ ಬಂದು ತಾಗಿದರೆ ಡಿಕ್ಕಿಯ ವೇಗ 6ರಿಂದ 4 ಕಳೆದರೆ ಬರುವ 2 ಮೀಟರ್ ಮಾತ್ರ. ಅವನೇ ಎದುರಿನಿಂದ ಬಂದರೆ? ಈಗ ಕೂಡಬೇಕು, 10 ಮೀಟರ್! ವೇಗ ಐದು ಪಟ್ಟು. ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸಿರುವುದರಿಂದ ಡಿಕ್ಕಿಯ ಶಕ್ತಿ 25 ಪಟ್ಟು. ಬೆನ್ನೇರುವ ಸ್ಪೆಕ್ಕಿ ನೋಡಲು ಭಯಂಕರವಾಗಿದ್ದರೂ, ಸಾಮಾನ್ಯವಾಗಿ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತಾರೆ, ಪೆಟ್ಟು ಅಗಲವಾದ ಬೆನ್ನಿನ ಸ್ನಾಯುಗಳ ಮೇಲೆ ಬೀಳುತ್ತದೆ. ಎದುರು ಡಿಕ್ಕಿಯಲ್ಲಿ ಈ ಎರಡು ಅನುಕೂಲಗಳೂ ಇಲ್ಲ.

ಪೆಟ್ಟು ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ಎಂಬುದೂ ಮುಖ್ಯ. ಕ್ರಿಕೆಟ್ಟಿನಲ್ಲಿ ಜೋರಾಗಿ ಬಂದ ಕ್ಯಾಚ್ ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಹಾಗೆ ನಿಲ್ಲುವ ಸಮಯ ಹೆಚ್ಚಿದಷ್ಟೂ ಬಲ ಕಡಿಮೆ. ಕೈಚಾಚಿ ಚೆಂಡಿಗೆ ಹೋದವನ ತೋಳು, ಮೈ ಸ್ವಲ್ಪವಾದರೂ ಬಾಗಿ ಪೆಟ್ಟನ್ನು ಹೀರುತ್ತವೆ. ಅದೇ ಆಟಗಾರ ಕೊನೆಯ ಕ್ಷಣದಲ್ಲಿ ಕೈ ಒಳಗೆಳೆದುಕೊಂಡು, ಹೆಗಲನ್ನು ಗಟ್ಟಿ ಮಾಡಿ ಮುಂದೊಡ್ಡಿದರೆ, ಅಷ್ಟೂ ಪೆಟ್ಟು ಕ್ಷಣಮಾತ್ರದಲ್ಲಿ ಎದುರಿನವನ ಮೇಲೆ ಬೀಳುತ್ತದೆ.

2024ರಲ್ಲಿ ಹೀಗೇ ಆಯಿತು. ಎಸೆಂಡನ್ ತಂಡದ ಪೀಟರ್ ರೈಟ್ ಮಾರ್ಕ್‌ಗಾಗಿ ಓಡಿಬಂದು ನೆಗೆದರು. ಸಿಡ್ನಿ ತಂಡದ ಹ್ಯಾರಿ ಕನ್ನಿಂಗ್‌ಹ್ಯಾಮ್ ಎದುರು ದಿಕ್ಕಿನಿಂದ, ಚೆಂಡನ್ನೇ ನೋಡುತ್ತಾ ಬರುತ್ತಿದ್ದರು. ರೈಟ್ ಕೊನೆಯಲ್ಲಿ ಮೈ ತಿರುಗಿಸಿದ್ದರಿಂದ ಕನ್ನಿಂಗ್‌ಹ್ಯಾಮ್‌ಗೆ ತಲೆಪೆಟ್ಟಾಯಿತು. ರೈಟ್‌ಗೆ ನಾಲ್ಕು ಪಂದ್ಯಗಳ ನಿಷೇಧ ಬಿತ್ತು.

ತಲೆಗೆ ಇಷ್ಟೊಂದು ಕಾಳಜಿ ಏಕೆ? ತಲೆಯ ತೂಕ ಸುಮಾರು 5 ಕಿಲೊ, ಅದು ನಿಂತಿರುವುದು ಸಣ್ಣ ಕುತ್ತಿಗೆಯ ಮೇಲೆ. 80 ಕಿಲೊ ದೇಹ ತಡೆದುಕೊಳ್ಳುವ ತಳ್ಳು, ತಲೆಯನ್ನು ಥಟ್ಟನೆ ತಿರುಗಿಸಿಬಿಡುತ್ತದೆ. ತಲೆಬುರುಡೆ ತಿರುಗಿದರೂ ಒಳಗಿನ ಮೆದುಳು ಜಡತ್ವದಿಂದ ಒಂದು ಕ್ಷಣ ಹಿಂದುಳಿಯುತ್ತದೆ. ಆಗ ಅದರ ಸೂಕ್ಷ್ಮ ನರತಂತುಗಳು ಜಗ್ಗಿ ಎಳೆದಂತಾಗುತ್ತವೆ. ಇದೇ 'ಕನ್ಕಷನ್'. ಹೊರಗೆ ಗಾಯ ಕಾಣದೆಯೂ ಇದು ಆಗಬಹುದು. ಹಾಗಾಗಿಯೇ ಅಲ್ಲಿನ ದೊಡ್ಡ ಲೀಗ್‌ನಲ್ಲಿ ಕನ್ಕಷನ್ ಆದವರು 12ನೇ ದಿನಕ್ಕಿಂತ ಮೊದಲು ಪಂದ್ಯಕ್ಕೆ ಮರಳುವಂತಿಲ್ಲ ಎಂದು 2021ರಲ್ಲಿ ನಿಯಮ ಮಾಡಿದರು.

ನೀವೂ ಆಡುವಾಗ ಒಂದೇ ಕ್ಯಾಚ್‌ಗೆ ಇಬ್ಬರು ಓಡುತ್ತಿದ್ದರೆ, ಕಾಲು ನೆಲದ ಮೇಲಿರುವಾಗಲೇ 'ನಂದು!' ಎಂದು ಗಟ್ಟಿಯಾಗಿ ಕೂಗಿ. ಯಾರದಾದರೂ ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಮಂಕು ಕಂಡರೆ ಆಟ ನಿಲ್ಲಿಸಿ, ತಕ್ಷಣ ಮೇಷ್ಟ್ರಿಗೋ ಮನೆಯವರಿಗೋ ಹೇಳಿ, ಡಾಕ್ಟರಿಗೆ ತೋರಿಸಿ. 'ಏನೂ ಆಗಿಲ್ಲ' ಎಂದು ಮತ್ತೆ ಆಟಕ್ಕೆ ಇಳಿಯಲು ಮಾತ್ರ ಬಿಡಬೇಡಿ.