ಪಾಳಿಯ ಹೊಟ್ಟೆ

ಈ ಹೊತ್ತಿಗೆ ರೇಡಿಯೊ ಹಾಕಿಕೊಂಡವರೆಲ್ಲ ಈಗಷ್ಟೇ ಎದ್ದವರು ಅಂತ ಅಂದುಕೊಂಡುಬಿಡುತ್ತೇವೆ. ಹಾಗೇನಿಲ್ಲ. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ, ಠಾಣೆಯಿಂದ, ಕಾರ್ಖಾನೆಯಿಂದ ಮನೆ ಕಡೆ ಹೊರಟವರೂ ಕೇಳುತ್ತಿದ್ದಾರೆ. ಯಾವುದೋ ಹಳ್ಳಿಯಲ್ಲಿ ರಾತ್ರಿ ತಂಗಿದ್ದ ಬಸ್ಸನ್ನು ಮೊದಲ ಟ್ರಿಪ್ಪಿಗೆ ಹೊರಡಿಸಿಕೊಂಡು ಬರುತ್ತಿರುವ ಚಾಲಕ, ನಿರ್ವಾಹಕರೂ ಇದ್ದಾರೆ. ಇವತ್ತಿನ ಮಾತು ಅವರ ಜೊತೆಗೆ. ವಿಷಯ, ಅವರ ಸೊಂಟದ ಸುತ್ತಳತೆ.

ತೂಕ ಜಾಸ್ತಿಯಾಯಿತು ಅಂತ ಯಾರ ಹತ್ತಿರ ಹೋದರೂ ಸಿಗುವ ಸಲಹೆ ಒಂದೇ: ಊಟ ಕಡಿಮೆ ಮಾಡಿ, ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಹೋಗಿ. ಬೆಳಿಗ್ಗೆ ಎಂಟಕ್ಕೆ ವಾರ್ಡಿನಿಂದ ಹೊರಬೀಳುವ ನರ್ಸಿಗೆ, ನಾಲ್ಕೂವರೆಗೇ ಡಿಪೋದಲ್ಲಿ ಹಾಜರಿರಬೇಕಾದ ಚಾಲಕನಿಗೆ ಈ ‘ಬೆಳಿಗ್ಗೆ ಬೇಗ’ ಅನ್ನುವುದು ಯಾವ ಹೊತ್ತು? ಸಲಹೆ ತಪ್ಪಲ್ಲ. ಆದರೆ ಅದು ಹತ್ತರಿಂದ ಐದರವರೆಗೆ ಕೆಲಸ ಮಾಡುವವರ ಅಳತೆಗೆ ಹೊಲಿದ ಅಂಗಿ. ಪಾಳಿಯವರು ತೊಡಲು ಹೋದರೆ ಹರಿಯುತ್ತದೆ. ಹರಿದಾಗ ಅವರು ಬೈದುಕೊಳ್ಳುವುದು ತಮ್ಮನ್ನೇ. ಅಂಗಿ ಹೊಲಿದವರನ್ನು ಯಾರೂ ಕೇಳುವುದಿಲ್ಲ.

ಸೊಂಟದ ಅಳತೆಗೂ ದುಡಿಮೆಗೂ ಇರುವ ನಂಟನ್ನು ಹಿಂದೆಯೇ ಒಬ್ಬರು ಬಸ್ಸಿನಲ್ಲೇ ಹುಡುಕಿದ್ದರು. ಜೆರ್ರಿ ಮಾರಿಸ್ ಅಂತ, ಬ್ರಿಟನ್ನಿನ ವೈದ್ಯ. ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಆಗ ಇಬ್ಬರು ಕೆಲಸಗಾರರು. ಚಾಲಕ ಡ್ಯೂಟಿಯ ಬಹುಪಾಲು ಹೊತ್ತು ಕೂತೇ ಇರುತ್ತಿದ್ದ. ನಿರ್ವಾಹಕ ಟಿಕೆಟ್ ಕೊಡಲು ಮೇಲಂತಸ್ತಿಗೆ ಹತ್ತಬೇಕು, ಇಳಿಯಬೇಕು. ದಿನಕ್ಕೆ ಐನೂರು, ಏಳುನೂರು ಮೆಟ್ಟಿಲು. ಇಬ್ಬರದೂ ಒಂದೇ ಬಸ್ಸು, ಅದೇ ಊರಿನ ಗದ್ದಲ, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಮಾರಿಸ್ ಸುಮಾರು 31,000 ಸಾರಿಗೆ ನೌಕರರ ವಿವರ ಕೂಡಿಹಾಕಿ 1953ರಲ್ಲಿ ಪ್ರಕಟಿಸಿದರು. ಹೃದಯಾಘಾತ ನಿರ್ವಾಹಕರಿಗಿಂತ ಚಾಲಕರಲ್ಲಿ ಹೆಚ್ಚು. ನಿರ್ವಾಹಕರಿಗೆ ಬಂದರೂ ತಡವಾಗಿ ಬರುತ್ತಿತ್ತು, ಸಾವು ತರುವುದೂ ಕಡಿಮೆ. ವ್ಯಾಯಾಮಕ್ಕೂ ಹೃದಯಕ್ಕೂ ಸಂಬಂಧವಿದೆ ಅಂತ ಇವತ್ತು ಮಕ್ಕಳೂ ಹೇಳುತ್ತಾರೆ. ಆ ಕಾಲಕ್ಕೆ ಅದು ಹೊಸ ಮಾತು.

ನನಗೆ ಇನ್ನೂ ಇಷ್ಟವಾಗುವುದು ಆಮೇಲೆ 1956ರಲ್ಲಿ ಅವರು ಮಾಡಿದ ಕೆಲಸ. ಬಸ್ಸಿನವರಿಗೆ ಸಂಸ್ಥೆಯೇ ಸಮವಸ್ತ್ರ ಹೊಲಿಸಿ ಕೊಡುತ್ತಿತ್ತಲ್ಲ, ಹಾಗಾಗಿ ಪ್ರತಿಯೊಬ್ಬರ ಪ್ಯಾಂಟಿನ ಅಳತೆ ದಾಖಲೆಯಲ್ಲಿತ್ತು. ಮಾರಿಸ್ ಅದನ್ನೇ ತರಿಸಿಕೊಂಡರು. ದರ್ಜಿಯ ಪುಸ್ತಕ ವೈದ್ಯನ ಪುಸ್ತಕವಾಯಿತು. ಚಾಲಕರ ಸೊಂಟ ನಿರ್ವಾಹಕರಿಗಿಂತ ದೊಡ್ಡದು, ಎಳೆಯ ವಯಸ್ಸಿನವರಲ್ಲಿ ಕೂಡ. ಹಾಗಾದರೆ ಹೃದಯ ಕೆಟ್ಟದ್ದು ಬರೀ ಬೊಜ್ಜಿನಿಂದಲೋ ಅನ್ನುವ ಅನುಮಾನ ಅವರಿಗೂ ಬಂತು. ಮತ್ತೆ ಲೆಕ್ಕ ಹಾಕಿದರು. ತೆಳ್ಳಗಿನ ನಿರ್ವಾಹಕನಿಗೆ ಮಾತ್ರವಲ್ಲ, ದಪ್ಪಗಿನ ನಿರ್ವಾಹಕನಿಗೂ ಆ ಮೆಟ್ಟಿಲುಗಳು ರಕ್ಷಣೆ ಕೊಟ್ಟಿದ್ದವು. ಅಂದರೆ ತೂಕದ ಯಂತ್ರದ ಮುಳ್ಳು ಒಂದಿಂಚೂ ಕದಲದೆ ಇದ್ದಾಗಲೂ ನಡೆದ ನಡಿಗೆ ವ್ಯರ್ಥವಾಗಿರುವುದಿಲ್ಲ. ಮೂರು ವಾರ ನಡೆದೆ, ಅರ್ಧ ಕಿಲೋನೂ ಇಳಿಯಲಿಲ್ಲ ಅಂತ ಬಿಟ್ಟುಬಿಡುವವರು ಇದನ್ನು ಕೇಳಿಸಿಕೊಳ್ಳಬೇಕು. ಮಾರಿಸ್ ತಾವೂ ಮೈ ಆಡಿಸುತ್ತಲೇ ಇದ್ದು, 2009ರಲ್ಲಿ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಸಾರಿಗೆ ಸಂಸ್ಥೆಯಲ್ಲಿ ಈಗ ಚಾಲಕ ಕಂ ನಿರ್ವಾಹಕ ಎಂಬ ಹುದ್ದೆ ಇದೆ. ಲಂಡನ್ನಿನಲ್ಲಿ ಇಬ್ಬರ ಪಾಲಾಗಿದ್ದ ಕೂರುವುದು, ಹತ್ತಿಳಿಯುವುದು ಎರಡೂ ಒಬ್ಬರದೇ ಆದಾಗ, ಗೆಲ್ಲುವುದು ಕೂರುವುದೇ.

ಇನ್ನು ನಿದ್ದೆ. ಪಾಳಿಯವರ ತೂಕದ ಮಾತು ಶುರುವಾಗಬೇಕಾದದ್ದು ತಟ್ಟೆಯಿಂದಲ್ಲ, ಹಾಸಿಗೆಯಿಂದ ಅನ್ನುವುದು ನನ್ನ ಅಭಿಪ್ರಾಯ. 2004ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಹಾಸಿಗೆಯಲ್ಲಿ ಬಿಟ್ಟು ನೋಡಿದರು. ಹೊಟ್ಟೆ ತುಂಬಿತು ಅಂತ ಮೆದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಶೇ. 18ರಷ್ಟು ಇಳಿದಿತ್ತು. ಹಸಿವು ಎಬ್ಬಿಸುವ ಘ್ರೆಲಿನ್ ಶೇ. 28ರಷ್ಟು ಏರಿತ್ತು. ಆ ಹುಡುಗರಿಗೆ ಬಾಯಿ ಚಪಲ ಹುಟ್ಟಿದ್ದು ಸೊಪ್ಪು ತರಕಾರಿಗಲ್ಲ. ಸಿಹಿಗೆ, ಉಪ್ಪುಪ್ಪಾದ ಕುರುಕಲಿಗೆ, ಬ್ರೆಡ್ಡು ಅನ್ನದಂಥ ಪಿಷ್ಟಕ್ಕೆ. ಡಬಲ್ ಡ್ಯೂಟಿ ಮಾಡಿದ ಮರುದಿನ ಬಸ್‌ಸ್ಟ್ಯಾಂಡಿನ ಬೋಂಡದ ಬಾಣಲೆ ಯಾಕೆ ಅಷ್ಟು ಚೆಂದ ಕಾಣುತ್ತದೆ ಅನ್ನುವುದಕ್ಕೆ ಇಲ್ಲಿ ಉತ್ತರವಿದೆ. ಹೊಟ್ಟೆ ಮುಂದೆ ಬಂದ ಪೊಲೀಸಪ್ಪ ನಮ್ಮ ಸಿನಿಮಾಗಳಿಗೆ ಸುಲಭದ ನಗೆ. ಆತ ಎಷ್ಟು ಗಂಟೆ ಮಲಗಿದ್ದ ಅಂತ ಯಾವ ಸಿನಿಮಾವೂ ಕೇಳಿದ ಹಾಗಿಲ್ಲ.

ಇದರ ತಿರುವುಮುರುವು ಪ್ರಯೋಗವೂ ಆಗಿದೆ. ಅದೇ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ್ದು. ಆರೂವರೆ ಗಂಟೆಗಿಂತ ಕಡಿಮೆ ಮಲಗುವ, ತೂಕ ಹೆಚ್ಚಿರುವ ಎಂಬತ್ತು ಜನರನ್ನು ಆರಿಸಿಕೊಂಡರು. ಅರ್ಧದಷ್ಟು ಮಂದಿಗೆ ಹೆಚ್ಚು ಮಲಗುವುದು ಹೇಗೆ ಅಂತ ಹೇಳಿಕೊಟ್ಟರು. ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ನಿದ್ದೆ ದಿನಕ್ಕೆ ಒಂದು ಗಂಟೆಯ ಮೇಲೆ ಹೆಚ್ಚಿತು. ಯಾರೂ ಹೇಳದೆಯೇ ಅವರು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಜಿಮ್ಮಿಗೆ ದುಡ್ಡು ಕಟ್ಟುವ ಮೊದಲು ಈ ಒಂದು ಗಂಟೆಯನ್ನು ಎಲ್ಲಿಂದ ತರುವುದು ಅಂತ ಯೋಚಿಸುವುದು ಒಳ್ಳೆಯದು.

ಎಲ್ಲಿಂದ ತರುವುದು? ಇಲ್ಲಿ ಮನೆಯವರ ಪಾಲೂ ಇದೆ. ರಾತ್ರಿ ಪಾಳಿ ಮುಗಿಸಿ ಯಜಮಾನರು ಬಂದು ಮಲಗಿದರೆ ಮನೆಯಲ್ಲಿ ಟೀವಿ ಸದ್ದು ಇಳಿಯುತ್ತದೆ, ಮಕ್ಕಳಿಗೆ ಗದರಿಕೆ ಬೀಳುತ್ತದೆ: ಶ್, ಅಪ್ಪ ಮಲಗಿದ್ದಾರೆ. ಅದೇ ಮನೆಯ ಹೆಣ್ಣುಮಗಳು ನರ್ಸಾಗಿ ರಾತ್ರಿಯೆಲ್ಲ ಐಸಿಯುನಲ್ಲಿ ನಿಂತು ಬಂದರೆ? ಚಪ್ಪಲಿ ಬಿಡುವಷ್ಟರಲ್ಲಿ ಮಗುವಿನ ಡಬ್ಬಿ, ಮಾವನವರ ತಿಂಡಿ, ನಲ್ಲಿ ನೀರು. ಹನ್ನೊಂದಕ್ಕೆ ಮಲಗಿದವಳನ್ನು ಎರಡಕ್ಕೆ ಕೊರಿಯರಿನವನು ಎಬ್ಬಿಸುತ್ತಾನೆ. ಅವಳು ಡಯಟ್ ಮಾಡಿ ಇಳಿಸಲಾಗದ ತೂಕವನ್ನು, ಗಂಡ ಒಂದು ವಾರ ಉಪ್ಪಿಟ್ಟು ಮಾಡಿ ಡಬ್ಬಿ ಕಟ್ಟಿದರೆ ಇಳಿಸಬಹುದೇನೋ. ನಗಬೇಡಿ, ಲೆಕ್ಕ ನೇರವಾಗಿದೆ: ಎರಡು ಗಂಟೆಯ ಕೆಲಸ ಕೈಬಿಟ್ಟರೆ ಎರಡು ಗಂಟೆಯ ನಿದ್ದೆ. ಕಿಟಕಿಗೆ ದಪ್ಪ ಪರದೆ, ಮೊಬೈಲು ಬೇರೆ ಕೋಣೆಯಲ್ಲಿ, ಪಾಳಿಯ ಕೊನೆಯ ಐದಾರು ಗಂಟೆ ಕಾಫಿ ಚಹಾ ಇಲ್ಲ. ಇವು ಸಣ್ಣ ಸಂಗತಿಗಳು, ಕೆಲಸ ಮಾಡುತ್ತವೆ.

ಚಹಾ ಅಂದೆ. ಪಾಳಿಯವರ ಹೊಟ್ಟೆಗೆ ಗೊತ್ತಾಗದಂತೆ ಹೋಗುವುದು ಅದೇ. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆ, ಅಂದರೆ ಸುಮಾರು 8 ಗ್ರಾಂ. ಹನ್ನೆರಡು ಗಂಟೆಯ ಪಾಳಿಯಲ್ಲಿ ಎಂಟು ಲೋಟ ದೊಡ್ಡದೇನಲ್ಲ. ಟೆನ್ಷನ್ ಆದಾಗಲೊಂದು, ಟೆನ್ಷನ್ ಇಳಿದಾಗಲೊಂದು. 64 ಗ್ರಾಂ ಸಕ್ಕರೆಯಾಯಿತು, 250 ಕ್ಯಾಲೊರಿ. ಆ ಷಿಕಾಗೊದವರು ನಿದ್ದೆಯಿಂದ ಉಳಿಸಿದ್ದೂ ಹತ್ತಿರ ಹತ್ತಿರ ಇಷ್ಟೇ. ಚಹಾ ಬಿಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಕೇಳುವವರೂ ಇಲ್ಲ. ಬೈಟು ಕುಡಿಯುವ ಊರಿನವರು ನಾವು, ಎಂಟನ್ನು ಬೈಟು ಮಾಡಿದರೆ ನಾಲ್ಕಾಗುತ್ತದೆ.

ಊಟದ ಹೊತ್ತಿನದು ಇನ್ನೊಂದು ಮಾತು. ನಮ್ಮ ಜೀವಕೋಶಗಳೊಳಗೆ ಹಗಲಿರುಳಿನ ಗಡಿಯಾರವಿದೆ. ಅದು ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರ ನೊಬೆಲ್ ಬಂತು. ಬೆಳಿಗ್ಗೆ ಉಂಡ ಅನ್ನವನ್ನೇ ನಡುರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಆದ್ದರಿಂದ ದೊಡ್ಡ ಊಟ ಪಾಳಿಗೆ ಹೊರಡುವ ಮೊದಲು ಮನೆಯಲ್ಲಿ. ನಡುರಾತ್ರಿ ಹಸಿವಾದರೆ ಕಾಳಿನ ಉಸಲಿ, ಬೇಯಿಸಿದ ಮೊಟ್ಟೆ, ಮಜ್ಜಿಗೆ, ಹುರಿಗಡಲೆ. ಎರಡು ಗಂಟೆಗೆ ಆ್ಯಪಿನಲ್ಲಿ ತರಿಸುವ ಬಿರಿಯಾನಿ ತಿಂಗಳಿಗೊಮ್ಮೆ ಇರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬೇಡಿ. ಜೋರಾಗಿ ಗೊರಕೆ ಹೊಡೆದು, ಹಗಲಲ್ಲಿ ಸ್ಟಿಯರಿಂಗ್ ಮೇಲೆ ತೂಕಡಿಸುವವರೂ ಒಮ್ಮೆ ತೋರಿಸಿಕೊಳ್ಳಿ. ಇನ್ನು ಹೊಟ್ಟೆಯ ಸುತ್ತಳತೆಯ ಗಡಿ: ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ದಾಟಿದರೆ ರಕ್ತ ಪರೀಕ್ಷೆಗೆ ಹೊತ್ತಾಯಿತು ಅಂತ. ಟೇಪು ಇಲ್ಲದಿದ್ದರೆ ದರ್ಜಿಯ ಅಂಗಡಿ ಪಕ್ಕದಲ್ಲೇ ಇರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಎಲ್ಲ ಹೊರೆಯನ್ನೂ ದುಡಿಯುವವರ ತಲೆಗೇ ಕಟ್ಟಿದಂತಾಗುತ್ತದೆ. ಡ್ಯೂಟಿ ಚಾರ್ಟ್ ಬರೆಯುವ ಕೈಗಳೂ ಈಗ ರೇಡಿಯೊ ಕೇಳುತ್ತಿರಬಹುದು. ಬೆಳಗಿನ ಪಾಳಿಯಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ತಿರುಗಿಸಿದರೆ ದೇಹ ಹೊಂದಿಕೊಳ್ಳುವುದು ಸುಲಭ. ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಬೆಳಗಿಗೆ ಹಿಂದುಹಿಂದಕ್ಕೆ ತಿರುಗಿಸಿದರೆ ಕಷ್ಟ. ಚಾರ್ಟನ್ನು ಮುಂದಕ್ಕೆ ತಿರುಗಿಸಲು ಹೊಸ ಹುದ್ದೆ ಬೇಡ, ಹೊಸ ಅನುದಾನ ಬೇಡ, ಪೆನ್ಸಿಲ್ಲು ಸಾಕು.

ಮೋಟಾರು ಸಾರಿಗೆ ಕಾರ್ಮಿಕರಿಗಾಗಿ 1961ರಲ್ಲಿ ಬಂದ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಅಂತ ಬರೆದಿತ್ತು. ನೂರು ಮಂದಿ ಡ್ಯೂಟಿಗೆ ಬರುವ ಜಾಗದಲ್ಲಿ ಕ್ಯಾಂಟೀನು ಇರಬೇಕು ಅಂತಲೂ ಇತ್ತು. ಬಸ್ಸಿನ ಡಿಪೋ ಆಗಲಿ, ಆಸ್ಪತ್ರೆಯಾಗಲಿ, ಕ್ಯಾಂಟೀನ್ ಸಮಿತಿಯಲ್ಲಿ ಇರುವವರು ಇವತ್ತು ಹೋಗಿ ಒಂದು ಪ್ರಶ್ನೆ ಕೇಳಬಹುದು: ರಾತ್ರಿ ಹನ್ನೊಂದರ ಮೇಲೆ ಇಲ್ಲಿ ಏನು ಸಿಗುತ್ತದೆ? ಬಿಸ್ಕೆಟ್ಟು, ಬನ್ನು, ಚಹಾ ಅಂತ ಉತ್ತರ ಬಂದರೆ, ಹೆಸರುಕಾಳಿನ ಉಸಲಿ ಮಾಡಲು ಎಷ್ಟು ಖರ್ಚು ಬೀಳುತ್ತದೆ ಅಂತ ಎರಡನೆಯ ಪ್ರಶ್ನೆ.